ತಯಾರಕರ ಹೆಸರು: ಆಮ್ರಪಾಲಿ ಧೂಳಪ್ಪ ಹೊಸಮನಿ

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನನ್ನ ಟೈಪಿಂಗ್ ಅಂಗಡಿ. ಮೊದಲು ಟೈಪ್‌ರೈಟರ್ ಇತ್ತು, ಈಗ ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಶೀನು. ಆಸ್ತಿ ಪಾಲಿನ ವಾಟ್ನಿ ಪತ್ರ, ವಾರಸಾ ಅರ್ಜಿ, ಬೋರ್‌ವೆಲ್ಲಿಗೆ ಕರೆಂಟು, ಬಂದೂಕಿನ ಲೈಸೆನ್ಸು, ಗಂಡ ಹೆಂಡಿರ ತಕರಾರು, ಇವನ್ನೆಲ್ಲ ಬಡಿದು ಬಡಿದು ನನ್ನ ಬೆರಳುಗಳಿಗೆ ಸ್ವಂತ ಬುದ್ಧಿಯೇ ಬಂದುಬಿಟ್ಟಿದೆ. ಎದುರಿನವರು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ತಾವೇ ಬಡಿಯುತ್ತವೆ.

ಹಾಗಾಗಿಯೇ ಅವತ್ತು ತಪ್ಪಾಯಿತು. ಎರಡು ಸಾವಿರದ ಹದಿನಾರನೇ ಇಸವಿಯ ಜೂನ್ ತಿಂಗಳು. ಖಾದಿ ಸೀರೆ ಉಟ್ಟು, ಕೈಯಲ್ಲಿ ದಪ್ಪ ಫೈಲು ಹಿಡಿದ ಹೆಂಗಸೊಬ್ಬಳು ಬಂದು ಕುಳಿತಳು. ವಯಸ್ಸು ಮೂವತ್ತೈದರ ಆಸುಪಾಸು. ಅರ್ಜಿ ಇಂಗ್ಲಿಷಿನಲ್ಲಿ ಆಗಬೇಕು, ದಿಲ್ಲಿಗೆ ಹೋಗಬೇಕು ಎಂದಳು.

"ವಿಷಯ ಅನ್ನೂ ಕಡೆ ಏನ್ ಹಾಕ್ಲಿ ಅಕ್ಕಾರ?"

"ಸ್ವಂತ ಕಟ್ಟೂ ವಿಮಾನದ ನೋಂದಣಿ ಬಗ್ಗೆ, ಅಂತ ಹಾಕ್ರಿ."

ನನ್ನ ಬೆರಳುಗಳು ಇಂಗ್ಲಿಷಿನಲ್ಲಿ 'ಸ್ವಂತ ಕಟ್ಟುವ' ಎಂದ ಮೇಲೆ 'ಮನೆ' ಎಂದು ಬಡಿದವು. ಆಕೆ ಪರದೆ ನೋಡಿ ಮೆಲ್ಲಗೆ ಹೇಳಿದಳು: "ಮನಿ ಅಲ್ರಿ. ವಿಮಾನ."

ನಾನು ಕನ್ನಡಕ ತೆಗೆದು ಆಕೆಯ ಮುಖ ನೋಡಿದೆ. ತಮಾಷೆಯ ಗುರುತು ಎಲ್ಲೂ ಇರಲಿಲ್ಲ. "ಆಡೂ ವಿಮಾನೇನ್ರಿ?" ಎಂದೆ.

"ಇಬ್ಬರು ಕೂತು ಹಾರೂ ವಿಮಾನರಿ. ಕಟ್ಟಾಕ ಚಾಲೂ ಮಾಡೇನಿ. ಸರ್ಕಾರಕ್ಕ ಹೇಳದ ಕಟ್ಟಬಾರದು."

ಆಮ್ರಪಾಲಿ ಹೊಸಮನಿ ನನಗೆ ಪರಿಚಯವಾದದ್ದು ಹೀಗೆ. ಮುಂದಿನ ಎಂಟು ವರ್ಷ ಆಕೆಯ ಒಂದೊಂದು ಕಾಗದವೂ ನನ್ನ ಕೈಮೇಲೇ ಹೋಯಿತು. ಆದ್ದರಿಂದ ಈ ಕಥೆಯಲ್ಲಿ ನಾನು ಕಣ್ಣಾರೆ ಕಂಡದ್ದೇ ಹೆಚ್ಚು, ಕೇಳಿದ್ದು ಕಡಿಮೆ.

ಆಕೆ ಹುಟ್ಟಿದ್ದು ತಿಕೋಟಾದಲ್ಲಿ. ತಂದೆ ಧೂಳಪ್ಪ ದ್ರಾಕ್ಷಿ ತೋಟಗಳಿಗೆ ಕಲ್ಲಿನ ಕಂಬ ನೆಟ್ಟು ತಂತಿ ಎಳೆಯುವ ಕೆಲಸ ಮಾಡುತ್ತಿದ್ದವರು. ತಾಯಿ ಪರಸವ್ವ ಅದೇ ತೋಟಗಳಲ್ಲಿ ಗೊನೆ ಕತ್ತರಿಸಲು ಹೋಗುತ್ತಿದ್ದಳು. ಮಗಳು ಹತ್ತನೇ ಇಯತ್ತೆ ಮುಗಿಸಿ ಐಟಿಐಗೆ ಸೇರಿದಳು. ಹುಡುಗಿಯರೆಲ್ಲ ಹೊಲಿಗೆಯ ಕೋರ್ಸಿಗೆ ಹೋಗುತ್ತಿದ್ದ ಕಾಲದಲ್ಲಿ ಈಕೆ ತಗಡಿನ ಕೆಲಸಕ್ಕೆ ಹೆಸರು ಕೊಟ್ಟಳು. ಕಲಿತ ಮೇಲೆ ಅಂಥದ್ದೇ ಒಂದು ಐಟಿಐಯಲ್ಲಿ ಕಲಿಸುವ ನೌಕರಿ ಸಿಕ್ಕಿತು. ತಂದೆ ತೀರಿಕೊಂಡ ಮೇಲೆ ತಾಯಿಯನ್ನು ಕರೆದುಕೊಂಡು ಬಂದು ವಿಜಯಪುರದಲ್ಲಿ, ಸೊಲ್ಲಾಪುರ ರಸ್ತೆಯ ಒಳಓಣಿಯೊಂದರಲ್ಲಿ ಮನೆ ಮಾಡಿದಳು. ಮದುವೆ ಆಗಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಆಕೆ ಹೇಳಲೂ ಇಲ್ಲ.

ವಿಮಾನದ ಹುಚ್ಚು ಹತ್ತಿದ್ದು ಹೇಗೆ ಎಂದು ಮಾತ್ರ ಕೇಳಿದ್ದೆ. ಎರಡು ತಿಂಗಳ ತರಬೇತಿಗೆಂದು ಇಲಾಖೆ ಆಕೆಯನ್ನು ದೊಡ್ಡ ಊರಿಗೆ ಕಳಿಸಿತ್ತಂತೆ. ಅಲ್ಲಿ ತರಬೇತಿ ಕೇಂದ್ರದ ಪಕ್ಕದ ಶೆಡ್ಡಿನಲ್ಲಿ ನಿವೃತ್ತರಾದ ಇಬ್ಬರು ಸಣ್ಣದೊಂದು ವಿಮಾನ ಕಟ್ಟುತ್ತಿದ್ದರು. ಊಟದ ಬಿಡುವಿನಲ್ಲಿ ಈಕೆ ಹೋಗಿ ನೋಡುತ್ತ ನಿಂತಳು. ತಗಡು ಜೋಡಿಸುವ ರಿವೆಟ್ ಮೊಳೆಗಳನ್ನು ಅವರು ಹೊಡೆಯುವುದನ್ನು ಹದಿನೈದು ದಿನ ನೋಡಿದ ಮೇಲೆ ಆಕೆಗೆ ಅನ್ನಿಸಿದ್ದು ಒಂದೇ: "ಅವರ ರಿವೆಟ್‌ಗಿಂತ ನನ್ನ ಸಾಲಿ ಹುಡುಗೂರ ರಿವೆಟ್ ನೆಟ್ಟಗ ಅದಾವ." ತರಬೇತಿ ಮುಗಿಸಿ ಬರುವಾಗ ನಕ್ಷೆಗಳನ್ನು ಎಲ್ಲಿಂದ ತರಿಸಿದಿರಿ ಎಂದು ಅವರನ್ನೇ ಕೇಳಿ ಬರೆದುಕೊಂಡು ಬಂದಳು. ಸಂಬಳ ಕೂಡಿಟ್ಟು ಮಂದಿ ಮನೆ ಕಟ್ಟುತ್ತಾರೆ. ಈಕೆ ಬಾಡಿಗೆ ಮನೆಯಲ್ಲೇ ಇದ್ದು ವಿಮಾನ ಕಟ್ಟಲು ಕುಳಿತಳು.

ಕಟ್ಟಲು ಜಾಗ ಬೇಕಿತ್ತು. ಮೂವತ್ತು ಅಡಿ ಅಗಲದ ರೆಕ್ಕೆ ಓಣಿಯ ಮನೆಯಲ್ಲಿ ಎಲ್ಲಿ ಹಿಡಿದೀತು? ಬಬಲೇಶ್ವರದ ಬಸಗೊಂಡಪ್ಪ ಸಾವಕಾರರು ದೊಡ್ಡ ದ್ರಾಕ್ಷಿ ಬೆಳೆಗಾರರು. ಒಣದ್ರಾಕ್ಷಿ ಮಾಡುವ ಅವರ ಶೆಡ್ಡುಗಳಲ್ಲಿ ಒಂದು ಹಳೆಯದು ಖಾಲಿ ಬಿದ್ದಿತ್ತು. ಧೂಳಪ್ಪ ಅವರ ತೋಟಕ್ಕೂ ತಂತಿ ಎಳೆದವರು. "ಧೂಳಪ್ಪನ ಮಗಳಲ್ಲೇನು, ಇಟಗೋ ತಂಗಿ" ಎಂದು ಬಸಗೊಂಡಪ್ಪ ಕೀಲಿಕೈ ಕೊಟ್ಟರು. ಬಾಡಿಗೆ ಬೇಡ ಎಂದರು. ಅವರ ಹೆಂಡತಿ ಮುರಿಗೆವ್ವ ಭಾನುವಾರಕ್ಕೊಮ್ಮೆ ಶೆಡ್ಡಿಗೇ ರೊಟ್ಟಿ, ಶೇಂಗಾ ಹಿಂಡಿ ಕಳಿಸುತ್ತಿದ್ದಳು.

ನಾನೂ ಒಂದು ಭಾನುವಾರ ನೋಡಲು ಹೋದೆ. ಅಲ್ಯೂಮಿನಿಯಮ್ಮಿನ ಎಲುಬುಗಳು ಗೋಡೆಗೆ ಸಾಲಾಗಿ ಒರಗಿದ್ದವು. ಒಂದೊಂದಕ್ಕೂ ಚೀಟಿ ಕಟ್ಟಿತ್ತು. ಮೇಜಿನ ಮೇಲೆ ದಪ್ಪ ರಟ್ಟಿನ ನೋಟ್‌ಬುಕ್ಕು. ಅದರಲ್ಲಿ ದಿನದ ಕೆಲಸ, ಹೊತ್ತು, ಎಷ್ಟು ರಿವೆಟ್ ಹೊಡೆದದ್ದು, ಎಷ್ಟು ಕೆಟ್ಟದ್ದು, ಎಲ್ಲ ಬರೆದಿತ್ತು. ಕೆಟ್ಟದ್ದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಳು.

"ಕೆಟ್ಟದ್ದ ಯಾಕ್ ಬರೀತೀರಿ? ಸಾಹೇಬ್ರು ನೋಡಿದ್ರ ತಪ್ಪ ಹಿಡೀತಾರ," ಎಂದೆ.

"ನೂರಕ್ಕ ನೂರು ಚಲೋ ಅಂತ ಬರದ್ರ ಅವರು ಪುಸ್ತಕಾನ ನಂಬೂದಿಲ್ಲ ಸಿದ್ದರಾಯಣ್ಣ."

ರೆಕ್ಕೆಯ ಎಲುಬಿನ ಮೇಲೆ ಬಟ್ಟೆ ಬಿಗಿಯಬೇಕು, ಅದನ್ನು ಮೇಣದ ದಾರದಿಂದ ಎರಡೆರಡು ಇಂಚಿಗೊಂದು ಗಂಟು ಹಾಕಿ ಹೊಲಿಯಬೇಕು. ಆ ಕೆಲಸಕ್ಕೆ ಜೊತೆಯಾದವಳು ಮುನೀರಾ. ಸೊಲ್ಲಾಪುರ ರಸ್ತೆಯಲ್ಲಿ ಆಕೆಯ ಟೇಲರಿಂಗ್ ಅಂಗಡಿ, ಆಮ್ರಪಾಲಿಯ ಮನೆಗೆ ನಾಲ್ಕು ಹೆಜ್ಜೆ. ಮೊದಲ ರೆಕ್ಕೆ ಹೊಲಿಯುವಾಗ ಆಮ್ರಪಾಲಿ ಬಿಚ್ಚಿಸಿದ್ದು ಮೂರು ಸಲ. ಮೂರನೇ ಸಲ ಮುನೀರಾ ಅಂದಳಂತೆ, "ಇಷ್ಟ ಸಲ ಬಿಚ್ಚಿಸಿದ ಗಿರಾಕಿನ್ನ ನಾ ಅಂಗಡ್ಯಾಗ ಇಟಗೋತಿದ್ದಿಲ್ಲ ಅಕ್ಕಾ." ಆದರೂ ಬಿಚ್ಚಿ ಹೊಲಿದಳು. ಅದೂ ನೋಟ್‌ಬುಕ್ಕಿನಲ್ಲಿ ಬರೆಯಲಾಯಿತು: ಹೊಲಿಗೆ, ಮುನೀರಾ ಶೇಖ, ಹನ್ನೊಂದು ತಾಸು.

ಎರಡು ಸಾವಿರದ ಹದಿನೆಂಟರಲ್ಲಿ ತಪಾಸಣೆಗೆಂದು ಬೆಂಗಳೂರಿನಿಂದ ಅಧಿಕಾರಿ ಬಂದರು. ಶ್ರೀನಿಧಿ ಎಂದು ಹೆಸರು, ತೆಳ್ಳಗಿನ ಮನುಷ್ಯ, ಕೈಯಲ್ಲೊಂದು ಟಾರ್ಚು. ಮೂರು ತಾಸು ಬಾಗಿ, ಮಲಗಿ, ಇಣುಕಿ ನೋಡಿದರು. ಬಾಲದ ಭಾಗವನ್ನು ಬಹಳ ಹೊತ್ತು ನೋಡಿ, "ಕೆಲಸ ತುಂಬಾ ಅಚ್ಚುಕಟ್ಟಾಗಿದೆ ಅಮ್ಮ" ಎಂದರು. ಆಮೇಲೆ ಕೇಳಿದರು, "ಈ ಬಾಲದ ಶೀಟಿಗೆ ಕಂಪನಿಯ ಸರ್ಟಿಫಿಕೇಟು ಕಡತದಲ್ಲಿ ಕಾಣಲಿಲ್ಲ?"

ಆ ಬಾಲ ಆಕೆ ಎಲ್ಲಕ್ಕಿಂತ ಮೊದಲು, ಅರ್ಜಿ ಹಾಕುವ ಮುಂಚೆಯೇ ಮಾಡಿದ್ದು. ಕೈಗೂಡುತ್ತದೋ ಇಲ್ಲವೋ ನೋಡೋಣ ಎಂದು ಸೊಲ್ಲಾಪುರ ರಸ್ತೆಯ ಅಂಗಡಿಯಿಂದ ಶೀಟು ತಂದು ಮಾಡಿದ್ದಳು. ಶೀಟು ಒಳ್ಳೆಯದೇ, ಆದರೆ ಅದು ಯಾವ ಕಾರ್ಖಾನೆಯದು, ಅದರ ಬಲ ಎಷ್ಟು ಎಂದು ಹೇಳುವ ಕಾಗದ ಇರಲಿಲ್ಲ. ಉಳಿದ ಎಲ್ಲ ಭಾಗಗಳ ಶೀಟಿಗೂ ಕಾಗದವಿತ್ತು. ಶ್ರೀನಿಧಿ ಸಾಹೇಬರು ಗದರಿಸಲಿಲ್ಲ. ಮುಂದಿನ ಸಲದ ಹೊತ್ತಿಗೆ ಕಡತದಲ್ಲಿ ಇರಲಿ ಎಂದು ಹೇಳಿ ಹೋದರು.

ಮರುದಿನ ಆಕೆ ಅಂಗಡಿಗೆ ಬಂದಾಗ ನಾನು ಉಪಾಯ ಹೇಳಿದೆ. ಈ ಮಾತು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಮೂವತ್ತು ವರ್ಷ ಅಂಗಡಿ ನಡೆಸಿದವನಿಗೆ ಹಿಂದಿನ ತಾರೀಖು ಹಾಕುವುದು, ಒಂದು ಕಾಗದವನ್ನು ಎರಡು ಕಡೆ ನಡೆಸುವುದು ಹೊಸದಲ್ಲ.

"ರೆಕ್ಕಿ ಎಲುಬಿನ ಶೀಟಿಂದ ಸರ್ಟಿಫಿಕೇಟ್ ಐತೆಲ್ರಿ. ಅದೂ ಅಷ್ಟ ದಪ್ಪ, ಇದೂ ಅಷ್ಟ ದಪ್ಪ. ಪಟ್ಟಿಯೊಳಗ 'ರೆಕ್ಕೆ ಮತ್ತು ಬಾಲ' ಅಂತ ಎರಡ ಶಬ್ದ ಸೇರಿಸಿದ್ರ ಆತು. ಯಾರ್ ನೋಡ್ತಾರ್ರಿ?"

ಆಕೆ ಜೆರಾಕ್ಸ್ ಮಶೀನಿನ ಮೇಲಿದ್ದ ಧೂಳನ್ನು ಬೆರಳಲ್ಲಿ ಒರೆಸುತ್ತ ಕುಳಿತಳು.

"ಆ ಕಾಗದ ಈ ಶೀಟಿಂದಲ್ಲ, ಸಿದ್ದರಾಯಣ್ಣ."

"ನಿಮಗ ಗೊತ್ತು, ನನಗ ಗೊತ್ತು."

"ಅದರಾಗ ಕೂಡಾಕಿ ನಾನು. ನನಗ ಗೊತ್ತಿದ್ರ ಸಾಕಲ್ರಿ."

ಮುಂದಿನ ಭಾನುವಾರ ಆಕೆ ಬಾಲದ ರಿವೆಟ್ಟುಗಳನ್ನು ಒಂದೊಂದಾಗಿ ಡ್ರಿಲ್ ಹಚ್ಚಿ ತೆಗೆಯತೊಡಗಿದಳು. ಅಧಿಕಾರಿಯೇ ಮೆಚ್ಚಿದ ಕೆಲಸ. ಮುಂಬೈನಿಂದ ಕಾಗದವಿರುವ ಹೊಸ ಶೀಟು ತರಿಸಿ, ಅಳತೆ ಹಾಕಿ, ಕತ್ತರಿಸಿ, ಮಡಿಸಿ, ಮತ್ತೆ ಹೊಡೆದಳು. ಎಂಟು ತಿಂಗಳು ಹಿಡಿಯಿತು. ಹಳೆಯ ಬಾಲವನ್ನು ಐಟಿಐಯಲ್ಲಿ ಮಕ್ಕಳಿಗೆ ತೋರಿಸಲು ಇಟ್ಟುಕೊಂಡಳು. ಆ ಎಂಟು ತಿಂಗಳು ನಾನು ಶೆಡ್ಡಿನ ಕಡೆ ಹೋಗಲಿಲ್ಲ.

ಅದಾದ ಮೇಲೆ ಕೊರೋನಾ ಬಂತು. ಹೊರದೇಶದಿಂದ ಬರಬೇಕಾದ ಇಂಜಿನ್ ವರ್ಷಗಟ್ಟಲೆ ಬರಲಿಲ್ಲ. ಅದು ಬಂದಿಳಿದು, ಕೂಡಿಸಿ, ಶೆಡ್ಡಿನ ಮುಂದಿನ ಬಯಲಿನಲ್ಲಿ ಮೊದಲ ಸಲ ತಿರುಗಿಸಿದಾಗ ಬಬಲೇಶ್ವರದ ಅರ್ಧ ಮಂದಿ ನೆರೆದಿತ್ತು. ರೆಕ್ಕೆ ಹೊತ್ತ ವಿಮಾನ ತನ್ನ ಮೂರು ಗಾಲಿಗಳ ಮೇಲೆ ತೋಟದ ರಸ್ತೆಯಲ್ಲಿ ನೂರು ಮಾರು ಓಡಿ, ತಿರುಗಿ ಬಂತು. ಅಷ್ಟರಲ್ಲಿ ಆಕೆ ರಜೆ ಸಿಕ್ಕಾಗಲೆಲ್ಲ ನೆರೆರಾಜ್ಯದ ಒಂದು ಹಾರಾಟ ಕೇಂದ್ರಕ್ಕೆ ಹೋಗಿ ಹಾರುವುದನ್ನೂ ಕಲಿತಿದ್ದಳು. ಅಲ್ಲಿನ ವಿಮಾನದಲ್ಲಿ ಒಬ್ಬಳೇ ಮೇಲೇರಿ ಇಳಿದಿದ್ದಳು. ಈ ಸುದ್ದಿ ನನಗೆ ಗೊತ್ತಾದದ್ದು ಆಕೆಯ ಬಾಯಿಂದಲ್ಲ, ಜೆರಾಕ್ಸಿಗೆ ಕೊಟ್ಟ ಕಾಗದದಿಂದ.

ಹೀಗೆ ಎಲ್ಲ ನೆಟ್ಟಗೆ ನಡೆದಿದ್ದಾಗ ಬಸಗೊಂಡಪ್ಪನವರ ಮಗ ಸಿದ್ದರಾಮನ ಮದುವೆ ಗೊತ್ತಾಯಿತು. ಎರಡು ಸಾವಿರದ ಇಪ್ಪತ್ತೆರಡರ ಫೆಬ್ರುವರಿ. ಸಾವಕಾರರು ಒಂದು ಸಂಜೆ ಶೆಡ್ಡಿಗೆ ಬಂದರು. ಆಮ್ರಪಾಲಿ, ಮುನೀರಾ ಇಬ್ಬರೂ ಇದ್ದರು. ಮುಂದಿನ ಮಾತು ಮುನೀರಾ ನನಗೆ ಹೇಳಿದ್ದು.

"ತಂಗಿ, ಆರು ವರ್ಷ ಆತು. ನಾ ಏನೂ ಕೇಳಿಲ್ಲ ನಿನಗ," ಎಂದರು ಸಾವಕಾರರು.

"ಕೇಳಿಲ್ರಿ ಸಾವಕಾರ್ರ. ನಿಮ್ಮ ಉಪಕಾರ ದೊಡ್ಡದೈತಿ."

"ಅಕ್ಷತಾ ಹೊತ್ತಿಗೆ ಇದನ್ನ ಮಂಟಪದ ಮ್ಯಾಲ ಒಂದ್ ಸುತ್ತ ಹಾರಿಸು. ಮ್ಯಾಲಿಂದ ಒಂದ್ ಚೀಲ ಹೂವ ಚೆಲ್ಲು. ಹತ್ತ ಮಿನಿಟಿನ ಕೆಲಸ. ಜಿಲ್ಲಾ ತುಂಬ ಮಾತಾಡಬೇಕು."

"ಆಗೂದಿಲ್ರಿ. ಇದಕ್ಕಿನ್ನ ನೋಂದಣಿ ಆಗಿಲ್ಲ. ಹಾರಾಟದ ಪರವಾನಗಿ ಆಮ್ಯಾಲ ಬರೂದು."

"ಇಲ್ಲಿ ಯಾರ್ ಬಂದು ಹಿಡೀತಾರ? ಫೌಜದಾರ್ರೂ ಮದುವಿಗಿ ಬರವ್ರ ಅದಾರ."

"ಹಿಡೀತಾರಂತ ಅಲ್ರಿ."

"ಮತ್ತ?"

ಆಗ ಆಕೆ ಹೇಳಿದ ಮಾತನ್ನು ಮುನೀರಾ ಎರಡು ಸಲ ಹೇಳಿ ತೋರಿಸಿದಳು. "ನಮ್ಮಪ್ಪಗ ನಿಮ್ಮ ಸುತ್ತಿನ ಹೊಟೇಲಿನಾಗ ಬ್ಯಾರೆ ಕಪ್ಪು ಇಡ್ತಿದ್ರು ಸಾವಕಾರ್ರ. ಅದು ನಿಂತದ್ದು ಯಾರೋ ಮನಸ್ ಕರಗಿ ಅಲ್ಲ. ಕಾಯ್ದೆ ಐತಿ ಅಂತ ನಿಂತತು. ಬಾಬಾಸಾಹೇಬರು ಬರದಿಟ್ಟ ಕಾಯ್ದೆ ಹಿಡಕೊಂಡ ನಾವು ಮ್ಯಾಲ ಬಂದೇವಿ. ಬೇಕಾದಾಗ ಹಿಡದು, ಬ್ಯಾಡಾದಾಗ ಬಿಟ್ಟ ಹೋಗಾಕ ನನಗ ಬರೂದಿಲ್ರಿ."

ಬಸಗೊಂಡಪ್ಪನವರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬಾಗಿಲಲ್ಲಿ ನಿಂತು, ಈ ಹಂಗಾಮಿಗೆ ದ್ರಾಕ್ಷಿ ಹೆಚ್ಚು ಬರುವುದಿದೆ, ಶೆಡ್ಡು ಬೇಕಾಗುತ್ತದೆ ಎಂದು ಹೇಳಿದರು.

ಅವರು ಹೋದ ಮೇಲೆ ಮುನೀರಾ ಬೈದಳಂತೆ. "ಇಂಜಿನ್ ಕೆಟ್ಟೈತಿ ಅಂದಿದ್ರ ಮುಗೀತಿತ್ತಲ್ಲಕ್ಕಾ. ಹೊಟೇಲ್, ಕಪ್ಪು, ಅಪ್ಪ, ಎಲ್ಲಾ ಯಾಕ್ ತಗದಿ?"

"ಸುಳ್ಳ ಹೇಳಿದ್ರ ನಾಳಿ ಇನ್ನೊಬ್ಬರ ಮದುವಿಗಿ ಮತ್ತ ಕೇಳ್ತಾರ," ಎಂದಳಂತೆ ಆಮ್ರಪಾಲಿ. ಹಾರಿಸಲು ಬರುತ್ತಿರಲಿಲ್ಲ ಎಂದಲ್ಲ. ಹಾರುತ್ತಿತ್ತು. ತನ್ನ ಕೈಯಿಂದ ಆದದ್ದು ಹಾರುತ್ತದೆ ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು, ಆರು ವರ್ಷ ಕಾದ ಮನುಷ್ಯಳಿಗೆ ಆ ಹತ್ತು ನಿಮಿಷ ಬೇಡವಾಗಿತ್ತೆಂದು ನಾನು ನಂಬುವುದಿಲ್ಲ.

ವಿಮಾನವನ್ನು ಒಯ್ಯಲು ಜಾಗ ಕೊಟ್ಟವನು ಮುನೀರಾಳ ಗಂಡ. ಇಟ್ಟಂಗಿಹಾಳದಲ್ಲಿ ಅವನ ಪೆಂಡಾಲ್ ಸಾಮಾನಿನ ಗೋದಾಮು ಇತ್ತು. ರೆಕ್ಕೆ ಬಿಚ್ಚಿ, ಪೆಂಡಾಲಿನ ಬಟ್ಟೆ, ಕೌದಿ ಸುತ್ತಿ, ಎರಡು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹೇರಿದೆವು. ನಾನೂ ಹೋಗಿದ್ದೆ. ಟ್ರ್ಯಾಕ್ಟರು ಆಳಿನ ನಡಿಗೆಯಷ್ಟೇ ವೇಗದಲ್ಲಿ ಹೋಗಬೇಕೆಂದು ಆಮ್ರಪಾಲಿ ಮುಂದೆ ನಡೆದಳು, ಪರಸವ್ವ ಟ್ರೇಲರಿನಲ್ಲಿ ರೆಕ್ಕೆಯ ಪಕ್ಕ ಕುಳಿತು ಒಂದು ಕೈಯಿಂದ ಅದನ್ನು ಹಿಡಿದುಕೊಂಡಿದ್ದಳು. ಎಪ್ಪತ್ತು ದಾಟಿದ ಮುದುಕಿ, ದಾರಿಯುದ್ದಕ್ಕೂ ಇಳಿಯಲಿಲ್ಲ. ಮುರಿಗೆವ್ವ ಶೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದಳು. ಗಂಡನ ಮಾತು ಮೀರಲಾರದೆ, ನಮ್ಮನ್ನು ತಡೆಯಲೂ ಆರದೆ, ಒಂದು ಡಬ್ಬಿಯಲ್ಲಿ ರೊಟ್ಟಿ ಕಟ್ಟಿ ಪರಸವ್ವನ ಮಡಿಲಿಗಿಟ್ಟಳು.

ಇಟ್ಟಂಗಿಹಾಳದಲ್ಲಿ ಕೆಲಸ ಮತ್ತೆ ಶುರುವಾಯಿತು. ಬಿಚ್ಚಿದ ಪ್ರತಿ ಬೋಲ್ಟನ್ನೂ ಹೊಸದಾಗಿ ಹಾಕಿ, ಹಾಕಿದ್ದನ್ನು ಬರೆದಿಟ್ಟಳು. ಅಷ್ಟರಲ್ಲಿ ಪೊಲೀಸ್ ವಿಚಾರಣೆ ಬಂತು. ವಿಮಾನ ಇಟ್ಟುಕೊಳ್ಳುವವರ ನಡತೆ ಹೇಗಿದೆ ಎಂದು ಠಾಣೆಯಿಂದ ವರದಿ ಹೋಗಬೇಕು. ಹವಾಲ್ದಾರನೊಬ್ಬ ಬಂದು ವಿಮಾನದ ಸುತ್ತ ಎರಡು ಸಲ ತಿರುಗಿದ. ಬರೆದುಕೊಳ್ಳಲು ಅವನ ಹತ್ತಿರ ಇದ್ದದ್ದು ಪಾಸ್‌ಪೋರ್ಟಿನ ವಿಚಾರಣೆಗೆ ಕೇಳುವ ಪ್ರಶ್ನೆಗಳು ಮಾತ್ರ. ವಿಮಾನಕ್ಕೆ ಏನು ಕೇಳಬೇಕೋ ಅವನಿಗೂ ಗೊತ್ತಿರಲಿಲ್ಲ.

"ಗಡಿ ದಾಟ್ತೈತೇನ್ರಿ ಅಕ್ಕಾರ ಇದು?"

"ಮಹಾರಾಷ್ಟ್ರದ ಗಡಿ ದಾಟೀತು. ಅದರಾಚೆ ದಾಟಬೇಕಂದ್ರ ನಡುವ ನಾಕೈದ್ ಸಲ ಎಣ್ಣಿ ಹಾಕಬೇಕಾಗ್ತೈತಿ."

ಅವನು ಗಂಭೀರವಾಗಿ ತಲೆಯಾಡಿಸಿ ಬರೆದುಕೊಂಡ. ಹೋಗುವಾಗ ಚಾಲಕರ ಸೀಟಿನಲ್ಲಿ ಒಂದು ಸಲ ಕುಳಿತುಕೊಳ್ಳಲೇ ಎಂದು ಕೇಳಿದ. ಆಕೆ ಬೂಟು ಬಿಚ್ಚಿಸಿ ಕೂಡಿಸಿದಳು.

ನೋಂದಣಿಗೆ ಮುಂಚೆ ಉಳಿದದ್ದು ತೂಕ. ಮೂರು ಗಾಲಿಯ ಕೆಳಗೆ ಮೂರು ತಕ್ಕಡಿ ಇಟ್ಟು, ಒಮ್ಮೆಲೇ ತೂಗಬೇಕು. ಭಾರ ಎಲ್ಲಿ ಕೂಡುತ್ತದೆ ಎಂದು ಅದರಿಂದಲೇ ತಿಳಿಯುವುದು. ಮೂರೂ ತಕ್ಕಡಿ ಒಂದೇ ನಮೂನೆಯವಿರಬೇಕು, ಮೂರರ ಮೇಲೂ ಆ ವರ್ಷದ ಸರ್ಕಾರಿ ಮುದ್ರೆ ಇರಬೇಕು. ಊರಲ್ಲೆಲ್ಲ ಹುಡುಕಿದಳು. ಒಂದಿದ್ದಲ್ಲಿ ಎರಡಿಲ್ಲ, ಮೂರಿದ್ದಲ್ಲಿ ಮುದ್ರೆ ಹಳೆಯದು. ಒಣದ್ರಾಕ್ಷಿ ತೂಗುವ ಅಂಥ ಮೂರು ತಕ್ಕಡಿ ಒಂದೇ ಕಡೆ ಇದ್ದದ್ದು ಬಸಗೊಂಡಪ್ಪನವರ ಹತ್ತಿರ.

ಆಕೆ ನನ್ನ ಅಂಗಡಿಗೆ ಬಂದು, "ಸಾವಕಾರ್ರಿಗೊಂದು ಪತ್ರ ಟೈಪ್ ಮಾಡ್ರಿ" ಎಂದಳು. ನಾನು ಕೀಬೋರ್ಡಿನಿಂದ ಕೈ ತೆಗೆದೆ. "ಇದು ಟೈಪ್ ಮಾಡೂ ಪತ್ರ ಅಲ್ರಿ ಅಕ್ಕಾರ. ನೀವ ಹೋಗ್ರಿ," ಎಂದೆ. ಆಕೆ ಹೋದಳು. ಜೊತೆಗೆ ನಾನೂ ಹೋದೆ.

ಬಸಗೊಂಡಪ್ಪನವರು ಪಡಸಾಲೆಯಲ್ಲಿ ಕುಳಿತಿದ್ದರು. ಹದಿನೈದು ತಿಂಗಳಾಗಿತ್ತು ಇಬ್ಬರಿಗೂ ಮಾತಿಲ್ಲದೆ. ಆಕೆ ಸುತ್ತಿ ಬಳಸಿ ಮಾತಾಡಲಿಲ್ಲ. "ಸಾವಕಾರ್ರ, ಮೂರ ತಕ್ಕಡಿ ಒಂದಿನದ ಮಟ್ಟಿಗಿ ಬೇಕಾಗ್ಯಾವ್ರಿ," ಎಂದಳು.

ಅವರು ಅಂಗಳದ ಕಡೆ ನೋಡಿದರು. ಒಳಗೆ ಮುರಿಗೆವ್ವನ ಬಳೆಯ ಸದ್ದು ನಿಂತಿತ್ತು.

"ಮುದ್ರಿ ಇದ್ದದ್ದ ಬೇಕೇನು?"

"ಹೌದ್ರಿ. ಈ ವರ್ಷದ ಮುದ್ರಿ ಇರಬೇಕ್ರಿ."

"ನಂದರಾಗ ಈ ವರ್ಷದ್ದ ಐತಿ. ನಾನೂ ಕಾಯ್ದೆ ಪ್ರಕಾರನ ತೂಗತೀನಿ ತಂಗಿ," ಎಂದು ಎದ್ದು ನಿಂತರು. "ಚಾ ಮಾಡಂತ ಹೇಳ್ತೀನಿ. ಕುಡದ ಹೋಗು." ಚಹಾ ಬಂತು. ಮನೆಯವರು ಕುಡಿಯುವ ಹಿತ್ತಾಳೆಯ ಲೋಟದಲ್ಲೇ ಬಂತು. ಸಾವಕಾರರೇ ಎತ್ತಿ ಕೊಟ್ಟರು. ಆಕೆ ಎರಡೂ ಕೈಯಿಂದ ತೆಗೆದುಕೊಂಡು ಕುಡಿದಳು.

ತೂಕದ ದಿನ ಬಸಗೊಂಡಪ್ಪನವರೇ ತಕ್ಕಡಿಗಳನ್ನು ಪಿಕಪ್ ಗಾಡಿಯಲ್ಲಿ ಹೇರಿಕೊಂಡು, ಹೆಂಡತಿಯನ್ನೂ ಕೂಡಿಸಿಕೊಂಡು ಇಟ್ಟಂಗಿಹಾಳಕ್ಕೆ ಬಂದರು. ಶ್ರೀನಿಧಿ ಸಾಹೇಬರು ಮುದ್ರೆ ನೋಡಿದರು, ನೆಲ ಮಟ್ಟಸ ಇದೆಯೇ ನೋಡಿದರು, ಗಾಳಿ ಬರಬಾರದೆಂದು ಬಾಗಿಲು ಹಾಕಿಸಿದರು. ಮೂರು ಅಂಕಿ ಕೂಡಿದಾಗ ಇನ್ನೂರ ತೊಂಬತ್ತೊಂದು ಕಿಲೋ ಬಂತು. ಸಾವಕಾರರು ಬಗ್ಗಿ ಒಂದೊಂದು ತಕ್ಕಡಿಯ ಅಂಕಿಯನ್ನೂ ತಾವೇ ಓದಿ ಹೇಳಿದರು. ಸಾಹೇಬರು ಕೊನೆಗೆ ಬಾಲದ ಹತ್ತಿರ ಹೋಗಿ ಕಡತ ತೆರೆದರು. ಹೊಸ ಶೀಟಿನ ಕಾಗದ, ಹಳೆಯ ಬಾಲ ಬಿಚ್ಚಿದ ದಿನದ ಫೋಟೋ, ಹೊಸದು ಹೊಡೆದ ತಾಸುಗಳ ಲೆಕ್ಕ, ಎಲ್ಲ ಅಲ್ಲಿದ್ದವು. ಓದುತ್ತ ಓದುತ್ತ ಅವರು ಕೇಳಿದರು: "ನಾನು ಕಾಗದ ಮಾತ್ರ ಕೇಳಿದ್ದೆ. ನೀವು ಇಡೀ ಬಾಲವನ್ನೇ ಹೊಸದಾಗಿ ಮಾಡಿದ್ದೀರಲ್ಲಮ್ಮ?"

"ಕಾಗದ ಇರಲಿಲ್ಲ ಸರ್," ಎಂದಳು.

ಅವರು ಪುಟದ ಕೆಳಗೆ ಸಹಿ ಹಾಕಿದರು. ನಾನು ಪಕ್ಕದಲ್ಲೇ ನಿಂತು ನನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದೆ.

ನೋಂದಣಿ ಪ್ರಮಾಣಪತ್ರ ಬಂದದ್ದು ಅದಾದ ನಾಲ್ಕು ತಿಂಗಳಿಗೆ. ಆಕೆ ತಾಯಿಯನ್ನು ಕರೆದುಕೊಂಡು ಜೆರಾಕ್ಸ್ ಮಾಡಿಸಲು ಅಂಗಡಿಗೆ ಬಂದಳು. ಒಂದೇ ಹಾಳೆ. ಮೇಲೆ ವಿಮಾನದ ಗುರುತು: 'ವಿಟಿ' ಎಂಬ ಎರಡಕ್ಷರ ದೇಶದ್ದು, ಮುಂದಿನ ಮೂರಕ್ಷರ ಈ ವಿಮಾನದ್ದು. ಜಗತ್ತಿನಲ್ಲಿ ಆ ಐದಕ್ಷರ ಬೇರೆ ಯಾವ ವಿಮಾನಕ್ಕೂ ಇಲ್ಲ. ಅದರ ಕೆಳಗೆ ತಯಾರಕರ ಹೆಸರು ಎಂಬ ಕಾಲಮ್ಮು. ದೊಡ್ಡ ದೊಡ್ಡ ಕಂಪನಿಗಳ ಹೆಸರು ಬರುವ ಜಾಗವದು. ಪರಸವ್ವನಿಗೆ ಓದಲು ಬರುವುದಿಲ್ಲ, ಅದರಲ್ಲೂ ಇಂಗ್ಲಿಷು. ನಾನು ಬೆರಳಿಟ್ಟು ಓದಿ ಹೇಳಿದೆ: ತಯಾರಕರು, ಆಮ್ರಪಾಲಿ ಧೂಳಪ್ಪ ಹೊಸಮನಿ. ತಯಾರಿಕೆಯ ಕ್ರಮಸಂಖ್ಯೆ, ಒಂದು.

"ಅವರ ಹೆಸರೂ ಐತೇನಪಾ?" ಎಂದಳು ಮುದುಕಿ.

"ಐತಿ ಯವ್ವಾ. ನಡುವ ಐತಿ, ಧೂಳಪ್ಪ ಅಂತ."

ಎಲ್ಲಿದೆ ತೋರಿಸು ಎಂದಳು. ತೋರಿಸಿದೆ. ಆ ಅಕ್ಷರಗಳ ಮೇಲೆ ಬೆರಳಾಡಿಸಿ, ಬೆರಳನ್ನು ಕಣ್ಣಿಗೊತ್ತಿಕೊಂಡಳು. ನಾನು ಆವತ್ತಿನ ಜೆರಾಕ್ಸಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಬೆಂಕಿಯಲ್ಲೂ ಸುಡದ ಉಕ್ಕಿನ ತಗಡಿನ ಮೇಲೆ ಆ ಐದಕ್ಷರ ಕೊರೆದು ವಿಮಾನದೊಳಗೆ ಕೂಡಿಸಬೇಕು ಎಂದು ನಿಯಮವಿದೆ. ಆಮ್ರಪಾಲಿ ಐಟಿಐಯ ಅಕ್ಷರ ಒತ್ತುವ ಪಂಚು ಇಟ್ಟು, ಸುತ್ತಿಗೆಯಿಂದ ಒಂದೊಂದೇ ಏಟು ಹಾಕಿ, ಐದು ಏಟಿನಲ್ಲಿ ಮುಗಿಸಿದಳು. ಒಂದಕ್ಷರವೂ ಓರೆಯಾಗಲಿಲ್ಲ.

ಪರೀಕ್ಷಾ ಹಾರಾಟಕ್ಕೆ ಪರವಾನಗಿ ಸಿಕ್ಕ ಮೇಲೆ ವಿಮಾನವನ್ನು ಲಾರಿಯಲ್ಲಿ ಹೇರಿ, ಆಕೆ ಹಾರಲು ಕಲಿತ ನೆರೆರಾಜ್ಯದ ಆ ಕೇಂದ್ರಕ್ಕೆ ಒಯ್ದರು. ಆ ರನ್‌ವೇ ಬಿಟ್ಟು ಇಂತಿಷ್ಟು ದೂರ ಹೋಗಬಾರದು, ಊರಿನ ಮೇಲೆ ಹಾರಬಾರದು, ಮೊದಲ ತಾಸುಗಳಲ್ಲಿ ಜೊತೆಗೆ ಯಾರನ್ನೂ ಕೂಡಿಸಬಾರದು ಎಂದು ಪರವಾನಗಿಯಲ್ಲಿ ಬರೆದಿದೆ. ಹೀಗಾಗಿ ತಿಕೋಟಾದ, ಬಬಲೇಶ್ವರದ ಹೆಚ್ಚಿನವರು ಆ ವಿಮಾನ ಹಾರುವುದನ್ನು ಇಂದಿಗೂ ನೋಡಿಲ್ಲ. ಹಾರುತ್ತದೋ ಇಲ್ಲವೋ ಎಂದು ಚಹಾದಂಗಡಿಯಲ್ಲಿ ಕೀಟಲೆ ಮಾಡುವವರಿದ್ದಾರೆ. ಆಕೆಯ ಕಿವಿಗೂ ಅದು ಬೀಳುತ್ತದೆ. ಸುಮ್ಮನೆ ನಗುತ್ತಾಳೆ.

ನಾನು ನೋಡಿದ್ದೇನೆ. ಕೇಂದ್ರದ ಹಿರಿಯ ಶಿಕ್ಷಕರು ಮೊದಲ ಕೆಲವು ಹಾರಾಟಗಳನ್ನು ತಾವೇ ಮಾಡಿ, ಎಲ್ಲ ಸರಿಯಿದೆ ಎಂದು ಬರೆದುಕೊಟ್ಟ ಮೇಲೆ ಆಕೆಯ ಸರದಿ ಬಂತು. ಎರಡು ಸಾವಿರದ ಇಪ್ಪತ್ನಾಲ್ಕರ ಡಿಸೆಂಬರ್, ಬೆಳಗಿನ ಎಂಟು ಗಂಟೆ. ಪರಸವ್ವ, ಮುನೀರಾ, ನಾನು, ಬಸಗೊಂಡಪ್ಪ ದಂಪತಿ, ಐವರು ತಂತಿಬೇಲಿಯ ಈಚೆ ನಿಂತಿದ್ದೆವು. ಆಕೆ ವಿಮಾನದ ಸುತ್ತ ಒಂದು ಸುತ್ತು ಬಂದು, ಕೈಯಿಂದ ಮುಟ್ಟಿ ಮುಟ್ಟಿ ನೋಡಿದಳು. ನಮ್ಮ ಕಡೆ ನೋಡಲಿಲ್ಲ. ಹತ್ತಿ ಕುಳಿತಳು. ಇಂಜಿನ್ನು ಗುರುಗುಟ್ಟಿತು. ನಾನು ಅಂದುಕೊಂಡದ್ದಕ್ಕಿಂತ ಬೇಗ ಗಾಲಿ ನೆಲ ಬಿಟ್ಟಿತು. ಮುರಿಗೆವ್ವ ಬಾಯಿಗೆ ಸೆರಗು ಹಿಡಿದಳು. ಮುನೀರಾ ರೆಕ್ಕೆಯನ್ನೇ ನೋಡುತ್ತಿದ್ದಳು. ಬಸಗೊಂಡಪ್ಪನವರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಹನ್ನೊಂದು ನಿಮಿಷ. ಬಯಲಿನ ಮೇಲೆ ಎರಡು ದೊಡ್ಡ ಸುತ್ತು ಹಾಕಿ, ತಗ್ಗಿ, ಒಂದು ಸಣ್ಣ ಪುಟಿತದೊಂದಿಗೆ ಇಳಿಯಿತು.

ಇಂಜಿನ್ನು ನಿಂತ ಮೇಲೂ ಆಕೆ ಕೆಳಗಿಳಿಯಲಿಲ್ಲ. ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದಳು. ಹೊತ್ತು, ಗಾಳಿ, ಪುಟಿದದ್ದು, ಎಲ್ಲ. ಪುಟಿದದ್ದನ್ನು ಕೆಂಪು ಶಾಯಿಯಲ್ಲಿ ಬರೆದಳೆಂದು ಆಮೇಲೆ ಜೆರಾಕ್ಸ್ ಮಾಡುವಾಗ ನೋಡಿದೆ. ಬರೆದು ಮುಗಿಸಿ ಇಳಿದು ಬಂದಾಗ ಪರಸವ್ವ ಬೇಲಿಯ ಬಾಗಿಲು ದಾಟಿ ಎದುರು ಹೋದಳು.

"ಎಷ್ಟ ಮ್ಯಾಲ ಹೋಗಿದ್ದಿ?"

"ಎಂಟನೂರ ಅಡಿ ಯವ್ವಾ."

"ಅಲ್ಲಿ ಥಂಡಿ ಇತ್ತೇನು?"

"ಇತ್ತವ್ವಾ. ಗಾಳೀನೂ ಇತ್ತು."

ಪರಸವ್ವ ತನ್ನ ಮೈಮೇಲಿದ್ದ ಶಾಲು ತೆಗೆದು ಮಗಳಿಗೆ ಹೊದಿಸಿದಳು. ಕೇಂದ್ರದವರೊಬ್ಬರು ಬಂದು ಫೋಟೋಕ್ಕೆ ನಿಲ್ಲಿ ಎಂದಾಗ ಆಮ್ರಪಾಲಿ ಶಾಲು ತೆಗೆಯಲು ಹೋದಳು. ಮುದುಕಿ ಬಿಡಲಿಲ್ಲ. ಆ ಫೋಟೋ ಈಗ ನನ್ನ ಅಂಗಡಿಯ ಗೋಡೆಯ ಮೇಲಿದೆ. ಅದರಲ್ಲಿ ಬಿಳಿ ವಿಮಾನ, ಅದರ ಮುಂದೆ ಹಸಿರು ಶಾಲು ಹೊದ್ದ ತಯಾರಕರು.